ಮಾತಾಡಿಸಲು ಬಂದವರ ಡಬ್ಬಿಗಳು

ಹೋದ ಭಾನುವಾರ ನಮ್ಮ ಅಕ್ಕ ಹಲ್ಲುಜ್ಜಿ ಉಗುಳಿದ್ದು ಪೂರಾ ಕೆಂಪಗಿತ್ತು. ಎಲೆ ಅಡಿಕೆಯ ಚಟ ಅವಳಿಗಿಲ್ಲ.

ಸಾಯಗಾಂವದ ಅವಳ ಮನೆಯಂಗಳದಲ್ಲಿ ನಿಂತು ಅದನ್ನು ನೋಡಿದೆ. ಯಾವಾಗಿನಿಂದ ಹೀಗೆ ಎಂದರೆ, ಎಂಟತ್ತು ದಿನ ಆಗಿರಬೇಕು ಅಂದಳು, ಜೋಳದ ರೇಟು ಹೇಳಿದಷ್ಟೇ ಸಲೀಸಾಗಿ. ಸೆರಗು ಸರಿದಾಗ ತೋಳಿನ ಮೇಲೆ ನೀಲಿ ಕಲೆಗಳು. ಯಾರೂ ಹೊಡೆದಿಲ್ಲ. ಎಲ್ಲೂ ಬಿದ್ದಿಲ್ಲ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹುಟ್ಟಿದವಳು ಅಕ್ಕ. (ಅವಳ ವಯಸ್ಸಿಗೆ ಅದೊಂದೇ ಸಾಕ್ಷಿ.) ಕಂಡವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದಳು. ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನಾನು. ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಅವಳಿಗೆ ಶುಗರ್ ಹಳೆಯದು. ಈ ಬೇಸಿಗೆಯಲ್ಲಿ ಹಾರ್ಟಿಗೆ ಸ್ಟೆಂಟ್ ಹಾಕಿದರು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನಡೆದಿದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬುದ್ಧನ ಫೋಟೋದ ಕೆಳಗಿನ ಶೆಲ್ಫಿನಲ್ಲಿ ಸಾಲಾಗಿ ನಿಂತಿತ್ತು. ವಿಟಮಿನ್ ಸಿ, ವಿಟಮಿನ್ ಇ, ಹಸಿರು ಕ್ಯಾಪ್ಸೂಲು, ಹಳದಿ ಕ್ಯಾಪ್ಸೂಲು. ಎಲ್ಲದರ ಮೇಲೂ ಒಂದೇ ಪದ: ಆಂಟಿಆಕ್ಸಿಡೆಂಟ್.

ಮೆಡಿಕಲ್ ಅಂಗಡಿ ಇಟ್ಟಿದ್ದೀಯಾ ಎಂದು ಕೇಳಿದೆ.

"ಮಾತಾಡಸ್ಲಾಕ ಬಂದೋರು ತಂದಾರೋ ತಮ್ಮಾ. ಶುಗರ್ ಅದ ಅಂತ ಹಣ್ಣ ತರಂಗಿಲ್ಲ, ಬಿಸ್ಕೀಟ್ ತರಂಗಿಲ್ಲ. ಖಾಲಿ ಕೈಲೆ ಹ್ಯಾಂಗ ಬರ್ಬೇಕು ಪಾಪ?"

ತಂದವರು ಮತ್ತೆ ಬಂದಾಗ, ನಾ ಕೊಟ್ಟಿದ್ದು ತಿಂತಿದ್ದೀಯಲ್ಲ ಎಂದು ವಿಚಾರಿಸುತ್ತಾರಂತೆ. ಅವರ ಮನಸ್ಸು ನೋಯಬಾರದೆಂದು ಅವರ ಎದುರೇ ಒಂದು ನುಂಗುತ್ತಾಳಂತೆ. ಭಾಲ್ಕಿ ಸಂತೆಯ ದಿನ ಹೋಗುವವರು ಬರುವವರು ಜಾಸ್ತಿ. ಅವತ್ತು ಗುಳಿಗೆಯೂ ಜಾಸ್ತಿ!

ಮರುದಿನವೇ ಬೀದರಿಗೆ ಕರೆತಂದೆ. ಬಸ್ಸಿನಲ್ಲಿ ಡಬ್ಬಿಗಳ ಚೀಲ ನನ್ನ ತೊಡೆಯ ಮೇಲೆ.

ಡಾಕ್ಟರು ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಶುಗರ್ ಇದ್ದವರ ಮೈಯೊಳಗೆ ಆಕ್ಸಿಜನ್ನೇ ಜೀವಕೋಶಗಳನ್ನು ಕೆಡಿಸುವುದು ಹೆಚ್ಚು, ಅದಕ್ಕೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ ಎಂದರು. ಕಬ್ಬಿಣಕ್ಕೆ ತುಕ್ಕು ಹಿಡಿದಂತೆಯೇ ಎಂದೆ, ನನ್ನ ಕೆಮಿಸ್ಟ್ರಿ ಬಿಡದೆ. ಸುಮಾರಾಗಿ ಹಾಗೇ ಎಂದರು. ಅದನ್ನು ತಡೆಯುವ ಆಂಟಿಆಕ್ಸಿಡೆಂಟ್ ಸೊಪ್ಪು, ಕಾಯಿಪಲ್ಲೆಯಲ್ಲಿದೆ, ತಿಂದರೆ ಒಳ್ಳೆಯದು. ಆದರೆ ಡಬ್ಬಿಯ ಗುಳಿಗೆಯಿಂದ ಶುಗರಾಗಲಿ, ಹಾರ್ಟಿನ ರೋಗವಾಗಲಿ ನಿಂತದ್ದು ಸಾಬೀತಾಗಿಲ್ಲ. ಮೇಲಾಗಿ, ರಕ್ತ ತೆಳುಮಾಡುವ ಗುಳಿಗೆಯ ಜೊತೆ ವಿಟಮಿನ್ ಇ ಅತಿಯಾದರೆ ರಕ್ತಸ್ರಾವದ ಅಪಾಯವಿದೆ.

ಆಮೇಲೆ ದನಿ ತಗ್ಗಿಸಿ ಅಂದರು: "ಹಲ್ಲಿನಾಗ ಬಂತು, ಕಣ್ಣಿಗಿ ಕಂಡಿತ್ರಿ. ತಲಿ ಒಳಗ ಬಂದಿದ್ರ ಯಾರಿಗಿ ಕಾಣ್ತಿತ್ತು?"

ಹಾರ್ಟಿನ ಗುಳಿಗೆ ಒಂದು ದಿನವೂ ತಪ್ಪಬಾರದು, ಡಬ್ಬಿಗಳೆಲ್ಲ ಬಂದ್ ಎಂದು ಹೇಳಿ ಕಳಿಸಿದರು.

ಊರಿಗೆ ಮರಳಿದರೆ ಔರಾದದಿಂದ ಅಕ್ಕನ ನಾದಿನಿ ಬಂದು ಕೂತಿದ್ದರು. ತೊಡೆಯ ಮೇಲೆ ಹೊಸ ಡಬ್ಬಿ. ಡಾಕ್ಟರು ಬೇಡವೆಂದಿದ್ದನ್ನು ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಾವೇನು ಇಷ ತಂದೀವೇನ್ರಿ? ನೀವು ಕಲ್ತೋರಿದ್ದೀರಿ, ಏನು ಬರದಾದ ಓದ್ರಿ."

ಓದಿದೆ. ಹೃದಯಕ್ಕೆ ಹಿತ ಎಂದೇ ಬರೆದಿತ್ತು. ನನ್ನ ಡಿಗ್ರಿ ಏನು ಮಾಡಬೇಕು ಹೇಳಿ?

ಅಷ್ಟರಲ್ಲಿ ಅಕ್ಕ ಅಂಗೈ ಚಾಚಿದಳು. "ಒಂದ ತಗೋತೀನಿ ತಗೋ. ಅಷ್ಟು ದೂರದಿಂದ ಬಂದಾಳ."

ಡಬ್ಬಿ ಕಸಿದು ನನ್ನ ಚೀಲಕ್ಕೆ ಹಾಕಿದೆ. ನಾದಿನಿ ಚಹಾ ಕುಡಿಯದೆ ಎದ್ದುಹೋದರು. ಮನೆಗೆ ಬಂದವರ ಮರ್ಯಾದೆ ತೆಗೆದೆ ಎಂದು ಅಕ್ಕ ನನ್ನೊಡನೆ ಮಾತು ಬಿಟ್ಟಳು.

ಒಸಡಿನ ರಕ್ತ ಕಡಿಮೆಯಾಗುತ್ತಿದೆಯಂತೆ. ನನ್ನ ಹೆದರಿಕೆ ಕಡಿಮೆಯಾಗಿಲ್ಲ. ಸಾಯಗಾಂವದಿಂದ ಅಕ್ಕನ ನೆರೆಮನೆಯವರು ದಿನಾ ಫೋನ್ ಮಾಡುತ್ತಾರೆ. ಅಕ್ಕ ಹೇಗಿದ್ದಾಳೆ ಎಂದು ಈಗ ನಾನು ಕೇಳುವುದಿಲ್ಲ. ಮೊದಲು ಕೇಳುವುದು ಇದನ್ನೇ:

"ಇವತ್ತ ಮನಿಗಿ ಯಾರ್ ಬಂದಿದ್ರು?"