ಬೆಲ್ಲದ ಮಂಡಿಯ ಮಾವನ ದನಿ

ಹರಾಜು ಕೂಗುವಾಗ ಅವರ ಕುತ್ತಿಗೆಯ ಎರಡು ಪಕ್ಕದಲ್ಲೂ ನರಗಳು ಕಿರುಬೆರಳಿನಷ್ಟು ದಪ್ಪ ಉಬ್ಬುತ್ತಿದ್ದವು. ಎಡಗೈಯಲ್ಲಿ ಆಗತಾನೆ ಒಡೆದ ಬೆಲ್ಲದ ಚೂರು, ಬಲಗೈ ತಲೆಗಿಂತ ಮೇಲೆ, ಬೆವರಿಗೆ ಅಂಟಿಕೊಂಡ ಬೆಲ್ಲದ ಪುಡಿಯ ಸುತ್ತ ಒಂದೆರಡು ನೊಣ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಅವರು ಕೂಗಿದರೆ ಗೇಟಿನಾಚೆ ಟೀ ಕುಡಿಯುತ್ತ ನಿಂತವನಿಗೂ ಆ ದಿನದ ರೇಟು ತಿಳಿಯುತ್ತಿತ್ತು.

ಅಲ್ಲೇ ಗುತ್ತಲು ಬಡಾವಣೆಯಲ್ಲಿ ಅವರದು ನಮ್ಮ ಎದುರು ಮನೆ. ರಕ್ತಸಂಬಂಧ ಏನೂ ಇಲ್ಲ. ಆದರೂ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ಇದ್ದ ಒಬ್ಬಳೇ ಮಗಳನ್ನು ಮಳವಳ್ಳಿಗೆ ಕೊಟ್ಟಾಗಿತ್ತು. "ನಿಂಗೆ ಕೊಡೋಕೆ ಇನ್ನೊಂದು ಮಗ್ಳಿಲ್ಲ ಕಣ್ಲಾ ಅಳಿಯ, ಪುಕ್ಸಟ್ಟೆ ಮರ್ವಾದೆ ಇಸ್ಕೋ" ಎನ್ನುತ್ತಿದ್ದರು. ನಾನು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಬೈಕು ತೆಗೆಯುವಾಗ ಎದುರು ಜಗಲಿಯಿಂದ ಅವರ ಬೈಗುಳ ಕೇಳದಿದ್ದರೆ ಏನೋ ಮರೆತು ಹೊರಟ ಹಾಗಾಗುತ್ತಿತ್ತು.

ಕೂಗುವವರಿಗೆ ಅವರದೇ ಧರ್ಮವೊಂದಿತ್ತು. "ಕೊಳ್ಳೋನ ಮಕಾನೂ ನೋಡ್ಬಾರ್ದು, ಮಾರೋನ ಮಕಾನೂ ನೋಡ್ಬಾರ್ದು, ಬೆಲ್ಲದ ಮಕ ನೋಡ್ಬೇಕು" ಎನ್ನುತ್ತಿದ್ದರು. ಒಂದು ಸಲ ಕಿರುಗಾವಲಿನಿಂದ ಅವರ ಸ್ವಂತ ಭಾವಮೈದನೇ ಅಚ್ಚುಬೆಲ್ಲ ತಂದಿದ್ದ. ಮೂರನೇ ಕೂಗು ಮುಗಿದ ಮೇಲೆ ಮದ್ದೂರಿನ ವ್ಯಾಪಾರಿಯೊಬ್ಬ ಹೆಚ್ಚಿಗೆ ಕೊಡುತ್ತೇನೆಂದು ಮೂಲೆಯಿಂದ ಕೈ ಎತ್ತಿದ. ಭಾವಮೈದ ಆಸೆಯಿಂದ ಇವರ ಮುಖ ನೋಡಿದ. ಇವರು, "ಮೂರನೇ ಕೂಗು ಬಿದ್ಮೇಲೆ ದ್ಯಾವ್ರು ಬಂದ್ರೂ ವಾಪಸ್ಸಿಲ್ಲ" ಎಂದು ಮುಂದಿನ ರಾಶಿಗೆ ನಡೆದೇಬಿಟ್ಟರು. ಆ ವರ್ಷದ ಹಬ್ಬಕ್ಕೆ ಭಾವಮೈದ ಈ ಕಡೆ ತಲೆ ಹಾಕಲಿಲ್ಲ. ಅತ್ತೆ ಒಗ್ಗರಣೆಯ ಜೊತೆಗೆ ಗಂಡನನ್ನೂ ಹುರಿದು ಹಾಕಿದರು. ಇವರು ಮಾತ್ರ ಎರಡನೇ ಸಲ ಸಾರು ಬಡಿಸಿಕೊಂಡು ಉಂಡರು.

ಆಮೇಲೆ ಸಕ್ಕರೆ ಕಾಯಿಲೆ ಅತ್ತೆಯ ಕಣ್ಣನ್ನು ತಿಂದಿತು. ಮೊದಲು ಒಂದು, ಮತ್ತೆ ಇನ್ನೊಂದು. ಅಲ್ಲಿಂದ ಆ ಮನೆ ನಡೆದದ್ದೇ ಮಾವನ ದನಿಯಲ್ಲಿ. ಅತ್ತೆ ಅಡುಗೆ ಬಿಡಲಿಲ್ಲ. ಇವರು ಪಕ್ಕದಲ್ಲಿ ನಿಂತು "ಉಪ್ಪಿನ ಡಬ್ಬ ಬಲಕ್ಕದೆ, ಇನ್ನೊಸಿ, ಆಂ, ಅಲ್ಲೇ" ಎನ್ನುತ್ತಿದ್ದರು. ಹೊರಗೆ ಹೊರಟರೆ ಹೇಳಿ ಹೊರಡುತ್ತಿದ್ದರು, ಬಂದರೆ ಹೊಸಲಲ್ಲೇ "ಎಲ್ಲಿದ್ದೀಯಮ್ಮೀ?" ಎಂದು ಕೂಗುತ್ತಿದ್ದರು. "ಇಲ್ಲೇ ಇವ್ನಿ ಕಣಿ, ಎಲ್ಗೋಗ್ಲಿ?" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ನಮ್ಮ ಬೀದಿಯವರಿಗೆ ಇದು ಗಡಿಯಾರದ ಗಂಟೆಯ ಹಾಗೆ ಅಭ್ಯಾಸವಾಗಿಹೋಗಿತ್ತು.

ಅಂಥವರ ಗಂಟಲಲ್ಲೇ ಗೆಡ್ಡೆ ಬೆಳೆಯಿತು. ದೇವರಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ನನಗೆ ಇವತ್ತಿಗೂ ಸಿಟ್ಟಿದೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಮೈಸೂರಿನ ವೈದ್ಯರು. ಮಾತಿನ ತರಬೇತಿ ಕೊಡುವ ಅಲ್ಲಿನ ಡಾಕ್ಟರಮ್ಮ ಒಂದು ದಾರಿ ತೋರಿಸಿದರು. ಟ್ಯಾಬಿನಲ್ಲಿ ಚಿತ್ರಗಳ ಒಂದು ಆ್ಯಪ್ ಇದೆ, ಆಪರೇಷನ್ನಿಗೆ ಮುಂಚೆ ಬೇಕಾದ ಮಾತುಗಳನ್ನೆಲ್ಲ ಅವರ ದನಿಯಲ್ಲೇ ತುಂಬಿಸಿಟ್ಟುಕೊಳ್ಳಿ, ಆಮೇಲೆ ಚಿತ್ರ ಮುಟ್ಟಿದರೆ ಅದೇ ದನಿ ಬರುತ್ತದೆ ಎಂದರು. ಬರೆದು ತೋರಿಸಿದರೆ ಸಾಲದೇ ಎನ್ನುವ ಹಾಗಿರಲಿಲ್ಲ, ಓದಬೇಕಾದವರಿಗೆ ಕಣ್ಣಿಲ್ಲ. ಮಗಳು ಮಳವಳ್ಳಿಯಿಂದ ಟ್ಯಾಬ್ ತಂದುಕೊಟ್ಟಳು.

ಅತ್ತೆ ಕೇಳಿಸಿಕೊಂಡು ಅತ್ತಾರೆಂದು ನಮ್ಮ ನಡುಮನೆಯಲ್ಲಿ ತುಂಬಿಸಲು ಕೂತೆವು. ಅಲ್ಲೊಂದು ಫಜೀತಿ. ಸುಮ್ಮನೆ ಕೂತು "ನೀರು ಕೊಡು" ಎನ್ನಲು ಅವರಿಗೆ ಬರಲೇ ಇಲ್ಲ. ನಾಲಿಗೆ ತಡವರಿಸುತ್ತದೆ, ಕೆಮ್ಮುತ್ತಾರೆ, ನನ್ನನ್ನೇ ಬೈಯುತ್ತಾರೆ. "ಕೈಯಾಗೆ ಮಾಲಿಲ್ದೆ ಎಂಗ್ಲಾ ಕೂಗಾದು?" ಎಂದರು. ಅಡುಗೆಮನೆಯಿಂದ ಒಂದು ಅಚ್ಚು ಬೆಲ್ಲ ತಂದು ಅಂಗೈ ಮೇಲಿಟ್ಟೆ. ಒಡೆದರು, ಮೂಸಿದರು, ನಾಲಿಗೆಗೆ ಇಟ್ಟುಕೊಂಡರು. ಆಮೇಲೆ ಹೊಳೆ ಹರಿದ ಹಾಗೆ ಬಂತು ಮಾತು. ಆದರೆ ಎಲ್ಲವೂ ಹರಾಜಿನ ರಾಗದಲ್ಲೇ. "ನೀರು ಕೊಡು" ಎಂಬುದು ಕೊನೆಯಲ್ಲಿ ಮೇಲೇರಿ ಮಂಡಿಯ ಸೂರು ಮುಟ್ಟುವ ಹಾಗಿತ್ತು. "ವೊಟ್ಟೆ ನೋವು", "ಬಿಸ್ಲು ಜಾಸ್ತಿ", "ನಿಂತ್ಕೋ", ಜೊತೆಗೆ ಬೇಡವೆಂದರೂ ಬಿಡದೆ "ಮಾಲು ತೋರ್ಸು", "ಇನ್ಯಾರಾದ್ರೂ ಅವ್ರಾ?" ಕೊನೆಗೆ "ಎಲ್ಲಿದ್ದೀಯಮ್ಮೀ?" ಅದೊಂದನ್ನು ಮಾತ್ರ ಅವರು ಕೂಗಲಿಲ್ಲ, ಮೆಲ್ಲಗೆ ಕರೆದರು.

ಆಪರೇಷನ್ ಆಯಿತು. ಕುತ್ತಿಗೆಯ ನಡುವಿನ ತೂತಿಗೆ ಬಿಳಿ ಬಟ್ಟೆ, ಹೆಗಲಿನಿಂದ ಇಳಿಬಿಟ್ಟ ಚೀಲದಲ್ಲಿ ಟ್ಯಾಬ್. ಸಂಸಾರ ಮತ್ತೆ ನಡೆಯಿತು. ಒಳಗೊಮ್ಮೆ "ನೀರು ಕೊಡು" ಎಂದು ಟ್ಯಾಬ್ ಕೂಗಿದರೆ ನಾವು ಈ ಮನೆಯಲ್ಲಿ ನಗುತ್ತಿದ್ದೆವು, ಆ ಮನೆಯಲ್ಲಿ ಅತ್ತೆಯೂ ನಗುತ್ತಿದ್ದರು. ನನ್ನ ಬೈಕಿನ ಸದ್ದು ಕೇಳಿದರೆ ಮಾವ ಜಗಲಿಯಿಂದ "ಮಾಲು ತೋರ್ಸು" ಒತ್ತುತ್ತಿದ್ದರು.

ಒಂದೆರಡು ವರ್ಷ ಕಳೆಯಿತು. ಟ್ಯಾಬಿನ ಮೇಲೆ ಹೊಸ ಅಪ್‌ಗ್ರೇಡ್ ಬಂದಿದೆ ಎಂಬ ಸೂಚನೆ ಕಾಣಿಸಿಕೊಳ್ಳತೊಡಗಿತು. ಮಾವ ದಿನವೂ "ಆಮೇಲೆ" ಒತ್ತುತ್ತಿದ್ದರು. ಸಾಲಗಾರನನ್ನು ಬಾಗಿಲಲ್ಲೇ ಸಾಗಹಾಕಿದಂತೆ ಅದನ್ನು ಸಾಗಹಾಕಿ ನನ್ನ ಕಡೆ ಕಣ್ಣು ಹೊಡೆಯುತ್ತಿದ್ದರು. ಒಂದು ಬೆಳಿಗ್ಗೆ ನೀರು ಬಂತೆಂದು ಅಂಗಳದ ಸಂಪಿನ ಮುಚ್ಚಳ ತೆಗೆದಿಟ್ಟಿದ್ದರು. ಅತ್ತೆ ಒಣಗಿದ ಬಟ್ಟೆ ತರಲು ಸೀದಾ ಅತ್ತಲೇ ನಡೆದು ಬಂದರು. ಮಾವ "ನಿಂತ್ಕೋ" ಒತ್ತಹೋದರೆ ಅದರ ಮೇಲೇ ಸೂಚನೆ ಬಂದು ಕೂತಿದೆ. ಒತ್ತಿದರೂ ದನಿ ಇಲ್ಲ. ಕೈಲಿದ್ದ ಸ್ಟೀಲು ಬಿಂದಿಗೆಯನ್ನು ಅವರು ನೆಲಕ್ಕೆ ಬೀಸಿ ಬಡಿದ ಸದ್ದಿಗೆ ನಾನು ಓಡಿ ಬಂದೆ. ಅತ್ತೆ ಸಂಪಿನ ಅಂಚಿನಲ್ಲಿ ನಿಂತಿದ್ದರು. "ಯಾಕಿಂಗೆ ಬಡುದ್ರಿ? ಏನಾಯ್ತು?" ಎಂದು ಕೇಳುತ್ತಲೇ ಇದ್ದರು. ಮಾವ ಉತ್ತರದ ಚಿತ್ರ ಹುಡುಕಲಿಲ್ಲ, ಮುಚ್ಚಳ ಎಳೆದು ಸಂಪು ಮುಚ್ಚಿದರು.

ಅವತ್ತೇ ನಾನು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಟ್ಯಾಬಿನ ಹಳೆಯ ತಂತ್ರಾಂಶದಲ್ಲಿ ಆ್ಯಪ್ ಇನ್ನು ಹೆಚ್ಚು ದಿನ ನಡೆಯುವುದಿಲ್ಲ, ಅಪ್‌ಗ್ರೇಡ್ ಮಾಡಲೇಬೇಕು, ರೆಕಾರ್ಡಿಂಗುಗಳು ಸಾಮಾನ್ಯವಾಗಿ ಉಳಿಯುತ್ತವೆ ಎಂದರು. ಆ "ಸಾಮಾನ್ಯವಾಗಿ" ನನ್ನ ನಿದ್ದೆ ಕೆಡಿಸಿತು. ಸಿಕ್ಕಿದ್ದನ್ನೆಲ್ಲ ಓದಿ ಜಗಲಿಯಲ್ಲಿ ಕೂತು ಮಾವನಿಗೆ ವರದಿ ಒಪ್ಪಿಸಿದೆ. ಪರದೆಯ ಚಹರೆ ಬದಲಾಗುತ್ತದೆ, ಗುಂಡಿಗಳು ಜಾಗ ಬಿಟ್ಟು ಕೂರುತ್ತವೆ, ಮೊದಲ ದಿನ ನಿಧಾನ, ಬ್ಯಾಟರಿ ಬೇಗ ಇಳಿಯಬಹುದು, ಕೆಲವು ಹಳೆಯ ಆ್ಯಪ್ ತೆರೆಯದೆಯೂ ಹೋಗಬಹುದು, ಒಂದು ಸಲ ಮಾಡಿದರೆ ಹಿಂದಕ್ಕೆ ಬರುವಂತಿಲ್ಲ. ಕೊನೆಯ ಮಾತು ಕೇಳಿ ಮಾವ ಮೂರು ಬೆರಳೆತ್ತಿ ತೋರಿಸಿದರು. ಮೂರನೇ ಕೂಗು. ಅವರಿಗೆ ಅರ್ಥವಾಗಿತ್ತು, ನನಗಿಂತ ಚೆನ್ನಾಗಿ.

ದನಿಗಳನ್ನು ಆ್ಯಪಿನಿಂದ ಹೊರಗೆ ತೆಗೆಯುವ ದಾರಿ ನನಗೆ ಸಿಗಲಿಲ್ಲ. ಅದಕ್ಕೆ ಅವರ ಮನೆಯಲ್ಲೇ ಕೂತು, ಅವರು ಒಂದೊಂದೇ ಚಿತ್ರ ಒತ್ತುವುದು, ನಾನು ಪಕ್ಕದಲ್ಲಿ ಫೋನು ಹಿಡಿದು ಅದನ್ನು ನಕಲು ಮಾಡಿಕೊಳ್ಳುವುದು ಎಂದಾಯಿತು. "ನೀರು ಕೊಡು" ಹಿಡಿಯುವಾಗ ಕುಕ್ಕರು ಕೂಗಿತು. "ವೊಟ್ಟೆ ನೋವು" ಹಿಡಿಯುವಾಗ ಬೀದಿಯಲ್ಲಿ ಸೊಪ್ಪಿನವಳು ಹೋದಳು. "ಎಲ್ಲಿದ್ದೀಯಮ್ಮೀ?" ಒತ್ತಿದ ಕೂಡಲೇ ಪಕ್ಕದಲ್ಲೇ ಕೂತಿದ್ದ ಅತ್ತೆ "ಇಲ್ಲೇ ಇವ್ನಿ ಕಣಿ" ಎಂದುಬಿಟ್ಟರು.

"ಅತ್ತೆ, ನೀವು ಮಾತಾಡಬಾರದು" ಎಂದೆ.

"ಇಲ್ಲ ಕಣಪ್ಪ, ಬಾಯ್ ಮುಚ್ಕಂಡಿರ್ತೀನಿ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮತ್ತೆ ಒತ್ತಿದರೆ ಸೆರಗಿನೊಳಗಿಂದಲೇ "ಇಲ್ಲೇ ಇವ್ನಿ ಕಣಿ." ಮೂರನೆಯ ಸಲವೂ ಅದೇ ಕಥೆ. ಮಾವ ಸದ್ದಿಲ್ಲದೆ ನಗುತ್ತಿದ್ದರು, ಗಂಟಲಿನ ಬಟ್ಟೆ ಪಟಪಟ ಹಾರುತ್ತಿತ್ತು. ಸಾಕು ಬಿಡು ಎಂದು ಕೈ ಆಡಿಸಿದರು. ಮೂಲ ಟ್ಯಾಬಿನಲ್ಲಿ ಇದ್ದೇ ಇದೆಯಲ್ಲ, ನಕಲು ಬರೀ ಧೈರ್ಯಕ್ಕೆ ಎಂದು ನಾನೂ ಸುಮ್ಮನಾದೆ.

ಅಪ್‌ಗ್ರೇಡಿನ ಗುಂಡಿಯನ್ನು ಮಾವನೇ ಒತ್ತಿದರು. ಗೆರೆ ತೆವಳಿತು, ಟ್ಯಾಬ್ ಆರಿತು, ಹೊತ್ತಿತು. ಆ್ಯಪ್ ತೆರೆದಾಗ ಚಿತ್ರಗಳೆಲ್ಲ ಇದ್ದವು, ಮೊದಲಿಗಿಂತ ಚೆಂದವಾಗಿಯೇ ಇದ್ದವು. ಮಾವ ಖುಷಿಯಿಂದ ಲೋಟದ ಚಿತ್ರ ಒತ್ತಿದರು.

"ದಯವಿಟ್ಟು ನನಗೆ ಕುಡಿಯಲು ನೀರು ನೀಡಿ" ಎಂದಿತು ಒಂದು ಗಂಡು ದನಿ. ನುಣ್ಣಗಿನ, ಶುದ್ಧವಾದ, ಎಲ್ಲಿಯವನೆಂದು ತಿಳಿಯದ ದನಿ.

ಒಳಗಿದ್ದ ಅತ್ತೆ ಧಡಕ್ಕನೆ ಎದ್ದರು. ಸೆರಗನ್ನು ಎರಡೂ ಹೆಗಲಿಗೆ ಹೊದ್ದು, ಗೋಡೆ ಹಿಡಿದು ಬಾಗಿಲಿಗೆ ಬಂದು, "ಯಾರಪ್ಪಾ ಬಂದಿರೋರು? ಕುಂತ್ಕಳಿ, ನೀರು ತತ್ತೀನಿ. ನಮ್ಮೋರು ಇಲ್ಲೇ ಎಲ್ಲೋ ಅವ್ರೆ, ಈಗ ಬತ್ತಾರೆ" ಎಂದರು.

ಮಾವ ಅವರೆದುರಿಗೆ ಎರಡೇ ಮಾರು ದೂರದಲ್ಲಿ ಕೂತಿದ್ದರು. ನಾನು ಅವರ ಮುಖ ನೋಡಲಿಲ್ಲ. ನೋಡುವ ಎದೆ ನನಗಿರಲಿಲ್ಲ.

ಹಳೆಯ ದನಿಗಳು ಹೋಗಿದ್ದವು. ಹೇಗೆ, ಎಲ್ಲಿಗೆ ಎಂದು ಹೇಳಬಲ್ಲವರು ಯಾರೂ ಸಿಗಲಿಲ್ಲ. ಡಾಕ್ಟರಮ್ಮ ಬಹಳ ನೊಂದುಕೊಂಡರು, ನೊಂದುಕೊಂಡರೆ ದನಿ ಬರುತ್ತದೆಯೇ. ಮಾವ ಟ್ಯಾಬನ್ನು ಮಗುಚಿ ಹಾಕಿ ಮತ್ತೆ ಮುಟ್ಟಲಿಲ್ಲ. ಏನಾದರೂ ಬೇಕಾದರೆ ಹೋಗಿ ಅತ್ತೆಯ ಹೆಗಲು ಮುಟ್ಟುತ್ತಿದ್ದರು, ಸದ್ದಿಲ್ಲದೆ ಬಂದ ಕೈಗೆ ಅವರು ಪ್ರತಿ ಸಲವೂ ಬೆಚ್ಚುತ್ತಿದ್ದರು. ಬೆಚ್ಚುವುದನ್ನು ನೋಡಲಾರದೆ ಮಾವ ಮುಟ್ಟುವುದನ್ನೂ ಕಡಿಮೆ ಮಾಡಿದರು. ಹತ್ತಿರ ಹತ್ತಿರವೇ ಕೂತು ಇಬ್ಬರೂ ಒಬ್ಬೊಬ್ಬರೇ ಆದರು. ಆ ದಿನಗಳಲ್ಲಿ ನನಗೆ ಕಾರ್ಖಾನೆಯಿಂದ ಮನೆಗೆ ಬರುವುದೇ ಬೇಡವಾಗಿತ್ತು.

ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ, ಫೋನಿನಲ್ಲಿದ್ದ ನಕಲುಗಳನ್ನು ಸಂಜೆ ಸಂಜೆ ಕೂತು ಒಂದೊಂದೇ ಚಿತ್ರಕ್ಕೆ ಕಟ್ಟಿದೆ. ಕುಕ್ಕರಿನ ಸಮೇತ ನೀರು ಬಂತು, ಸೊಪ್ಪಿನವಳ ಸಮೇತ ಹೊಟ್ಟೆನೋವು ಬಂತು, ಅತ್ತೆಯ ಉತ್ತರದ ಸಮೇತ ಕರೆಯೂ ಬಂತು. ಮಾವ ಮೊದಲು ಒತ್ತಿದ್ದು "ಎಲ್ಲಿದ್ದೀಯಮ್ಮೀ?" ಕೇಳಿದ್ದೇ ಅತ್ತೆ ಕೈಲಿದ್ದ ಅವರೆಕಾಯಿ ಚೆಲ್ಲಿ, "ಬಂದ್ರಾ? ಬಂದ್ರಾ?" ಎಂದು ಅಲ್ಲೇ ಅಳತೊಡಗಿದರು. ಮಾವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಅದರಷ್ಟು ದೊಡ್ಡ ಬಹುಮಾನ ನನಗೆ ಕಾರ್ಖಾನೆಯಲ್ಲಿ ಯಾರೂ ಕೊಟ್ಟಿಲ್ಲ.

ಹೆಚ್ಚು ಕಾಲ ಉಳಿಯಲಿಲ್ಲ ಅವರು. ಗಂಟಲು ಬಿಟ್ಟ ರೋಗ ಎದೆಗೆ ಇಳಿದಿತ್ತು. ಕಬ್ಬು ಕಡಿಯುವ ಕಾಲದಲ್ಲಿ, ಮಂಡಿ ತುಂಬಿದ್ದಾಗ ಹೋದರು. ಕೂಗುವವರು, ಹಮಾಲರು, ವ್ಯಾಪಾರಿಗಳು ಎಲ್ಲ ಬಂದರು. ಮುನಿಸಿಕೊಂಡಿದ್ದ ಭಾವಮೈದನೇ ಹೆಗಲು ಕೊಟ್ಟ.

ತಿಥಿ ಕಳೆದ ಮೇಲೆ ಮಗಳು ಅತ್ತೆಯನ್ನು ಮಳವಳ್ಳಿಗೆ ಕರೆದೊಯ್ಯಲು ನಿಂತಳು. ಹೊರಡುವ ಮುಂಚೆ ಅತ್ತೆ ನನ್ನನ್ನು ಕರೆಸಿದರು. ಮಡಿಲಲ್ಲಿ ಟ್ಯಾಬ್ ಇತ್ತು. ಮೂಲೆಯ ಆ ಒಂದು ಚಿತ್ರದ ಜಾಗವನ್ನು ಬೆರಳಿನಲ್ಲೇ ಕಲಿತಿದ್ದರು.

"ಇದ್ರಾಗೆ ಅವ್ರು ಕರುದ್ರೆ ನಾನೇ ಓಗೊಟ್ಬುಡ್ತೀನಲ್ಲ ಮಗಾ, ಅದ ತಗ್ದಾಕು. ಅವ್ರ್ ಕರೀಲಿ. ನಾನು ಬಾಯ್ ಬುಟ್ಟು ಯೋಳ್ತೀನಿ" ಎಂದರು.

ಫೋನಿನಲ್ಲಿ ಹಾಕಿ ನೋಡಿದೆ. ಮತ್ತೆ ಮತ್ತೆ ನೋಡಿದೆ. ಅತ್ತೆಯ "ಇಲ್ಲೇ" ಶುರುವಾಗುವುದು ಮಾವನ "ಅಮ್ಮೀ" ಇನ್ನೂ ಮುಗಿಯದಿರುವಾಗ. ಇವರದನ್ನು ಕತ್ತರಿಸಿದರೆ ಅವರ "ಅಮ್ಮೀ"ಯೂ ಹೋಗುತ್ತದೆ. ಹಾಗೆಂದು ಹೇಳಿದೆ.

ಅತ್ತೆ ಟ್ಯಾಬಿನ ಮೇಲೆ ಅಂಗೈ ಆಡಿಸಿದರು. ಆಮೇಲೆ, "ಬ್ಯಾಡ, ಬುಡು. ಅವ್ರುದು ಒಂದಕ್ಸರ ಓಗ್ಬಾರ್ದು" ಎಂದರು. "ಇದ್ದಷ್ಟು ದಿನ ಅವ್ರ್ ಮಾತು ಮುಗ್ಸೋಕೆ ನಾನೆಲ್ಲಿ ಬುಟ್ಟೆ."

ಟ್ಯಾಬನ್ನು ಎದೆಗೆ ಹಿಡಿದು, ಮಗಳ ತೋಳು ಹಿಡಿದು ಕಾರು ಹತ್ತಿದರು. ಗಾಜು ಏರಿಸುವಷ್ಟರಲ್ಲಿ ಒಳಗಿನಿಂದ ಮಾವನ ದನಿ ಕೇಳಿತು, ಅದರ ಬೆನ್ನಿಗೆ ಟ್ಯಾಬಿನೊಳಗಿನ ಅತ್ತೆ. ಅದು ಮುಗಿಯುವವರೆಗೆ ಕಾದು, ಸೀಟಿನಲ್ಲಿದ್ದ ಅತ್ತೆ ಇನ್ನೊಮ್ಮೆ ಹೇಳಿದರು: "ಇಲ್ಲೇ ಇವ್ನಿ ಕಣಿ."