ರನ್‌ವೇಗೆ ಜಾಗ ಹುಡುಕಿದ ಮೂರು ದಿನ

ಫೆಬ್ರುವರಿಯ ಬೆಳಿಗ್ಗೆ ಗದಗಿನಿಂದ ಬಸ್ಸು ಹತ್ತಿದೆ. ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವ ಸಣ್ಣ ವಿಮಾನಗಳಿಗೆ ಗಿಡ್ಡ ರನ್‌ವೇಯೊಂದು ಬೇಕಿತ್ತು. ಜಾಗ ಆರಿಸುವ ಎಂಜಿನಿಯರ್ ನಾನು.

ಮೊದಲ ದಿನ ನರಗುಂದ. ಸಮತಟ್ಟಾದ ನೆಲ ಸಿಕ್ಕಿತು, ಆದರೆ ಇಳಿಯುವ ದಾರಿಗೆ ಗುಡ್ಡ ಅಡ್ಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುದಿನ ಗಜೇಂದ್ರಗಡ. ಅಲ್ಲಿ ಗುಡ್ಡದ ಮೇಲೆ ವಿಮಾನಕ್ಕೆ ಅಡ್ಡವಾಗಿ ಹೊಸ ಗಾಳಿಯಂತ್ರಗಳು ನಿಂತಿದ್ದವು. ಬಿಸಿ ಮಿರ್ಚಿ ತಿಂದು, ನಕ್ಷೆ ಮಡಚಿ, ರೋಣಕ್ಕೆ ಬಂದು ಮಲಗಿದೆ.

ಮೂರನೆಯ ದಿನ ಜಕ್ಕಲಿ. ರಸ್ತೆಗುಂಟ ತೆಂಕು-ಬಡಗಾಗಿ ದನ ಮೇಯುವ ಸರಕಾರಿ ಗಾಯರಾಣವಿತ್ತು. ಯಾರ ಹೊಲವೂ ಹೋಗುವುದಿಲ್ಲವೆಂದು ಹಿಗ್ಗಿದೆ. ಗಾಳಿಯೊಂದನ್ನು ಕೇಳಿಕೊಂಡರೆ ಕೆಲಸ ಮುಗಿಯುತ್ತಿತ್ತು. ಪಕ್ಕದ ಕಣದಲ್ಲಿ ಮುದುಕ ರೈತ ಮಾಬೂಸಾಬ ಎತ್ತರದ ಮೆಟ್ಟಿನ ಮೇಲೆ ನಿಂತು ಜೋಳ ತೂರುತ್ತಿದ್ದ. ಹೆಂಡತಿ ಫಾತಿಮಾ ಬುಟ್ಟಿ ಎತ್ತಿ ಕೊಡುತ್ತಿದ್ದಳು. ಇಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಅವನನ್ನು ಕೇಳಿದೆ.

"ಸುಗ್ಗ್ಯಾಗ ಮೂಡಗಾಳಿ, ಮಳಿಗಾಲದಾಗ ಪಡುವಣ ಗಾಳಿ ನೋಡ್ರಿ," ಎಂದ. "ನಮ್ಮಪ್ಪ ಮೆಟ್ಟು ಇಟ್ಟ ಜಾಗಾದಾಗ ನಾನೂ ಇಟ್ಟೀನಿ, ಗಾಳಿ ದಿಕ್ಕು ಬದಲಾಗಿಲ್ಲ."

ಗಾಯರಾಣ ತೆಂಕು-ಬಡಗು, ಗಾಳಿ ಮೂಡಣ-ಪಡುವಣ. ಅಡ್ಡಗಾಳಿಯನ್ನು ಹಗುರ ವಿಮಾನ ತಾಳುವುದಿಲ್ಲ. ರನ್‌ವೇ ಗಾಳಿಗುಂಟವೇ ಇರಬೇಕು. ಗೆರೆಯನ್ನು ಮೂಡಣಕ್ಕೆ ತಿರುಗಿಸಿ ಉದ್ದಕ್ಕೂ ಕೆಂಪು ಬಾವುಟಗಳನ್ನು ನೆಟ್ಟೆ. ಗೆರೆ ಗಾಯರಾಣ ದಾಟಿ ಅವನ ಹೊಲದ ನಟ್ಟನಡುವೆ ಹೋಯಿತು.

ಕಾರಣ ಹೇಳದೆ ಕೇಳಿದ್ದಕ್ಕೆ ನಾಚಿಕೆಯಾಯಿತು. ಎಲ್ಲವನ್ನೂ ವಿವರಿಸಿದೆ.

ಫಾತಿಮಾ ಬುಟ್ಟಿ ಕೆಳಗಿಟ್ಟು ಗಂಡನ ಕಡೆ ತಿರುಗಿದಳು. "ಗಾಳಿ ಎಲ್ಲಾ ಕಡೀಗೂ ಬೀಸತೈತಿ ಅನ್ನಬಾರದಿತ್ತೇನ್ರಿ? ಇರೂದು ಇದೊಂದ ಹೊಲ."

"ಇನ್ನೊಮ್ಮೆ ಯೋಚಿಸಿ ಹೇಳಿ, ಸಾಹೇಬರೇ," ಎಂದೆ ಮಾಬೂಸಾಬನಿಗೆ. ಅವನು ಸುಳ್ಳು ಹೇಳಲಿ ಎಂದು ಒಳಗೊಳಗೆ ಬಯಸಿದ್ದೆ. ಗಾಯರಾಣದ ಗೆರೆಯನ್ನೇ ಎಳೆದು, ಊರವರ ಮಾತು ನಂಬಿದೆ ಎಂದು ವರದಿ ಬರೆಯಬಹುದಿತ್ತು.

ಮಾಬೂಸಾಬ ಮೆಟ್ಟಿನಿಂದ ಇಳಿದ. ಹೊಲದ ಕಡೆ ನೋಡಿದ. ಬಗ್ಗಿ ಒಂದು ಹಿಡಿ ಹೊಟ್ಟು ತೆಗೆದು, ಕೈ ಎತ್ತಿ ಬಿಟ್ಟ. ಅದು ನನ್ನ ಬಾವುಟಗಳ ಗುಂಟ ಪಡುವಣಕ್ಕೆ ಹಾರಿತು.

"ಹೊಲ ನಂದರಿ, ಗಾಳಿ ನಂದಲ್ಲ," ಎಂದ. "ಬ್ಯಾನಿ ಆದಾವ್ರನ್ನ ಕೂಡ್ಸಿಕೊಂಡು ಹೋಗೂ ವಿಮಾನ ಅಂತೀರಿ. ಸುಳ್ಳು ಹ್ಯಾಂಗ ಹೇಳ್ಲಿ?"

ನಕ್ಷೆಯಲ್ಲಿ ಅವನ ಹೊಲದ ನಡುವೆಯೇ ಗೆರೆ ಎಳೆದೆ. ಎರಡು ಸಲ ಅಳಿಸಿ, ಮತ್ತೆ ಅಲ್ಲೇ ಎಳೆದೆ.

ಗದಗಿನ ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದೆ. ಮಾಬೂಸಾಬ ಮತ್ತೆ ಮೆಟ್ಟು ಹತ್ತಿ ಬುಟ್ಟಿಗಾಗಿ ಕೈ ಚಾಚಿ ನಿಂತಿದ್ದ. ಫಾತಿಮಾ ಕಣದಲ್ಲಿರಲಿಲ್ಲ. ಹೊಲದ ನಡುವೆ, ಕೆಂಪು ಬಾವುಟವೊಂದರ ಬುಡದಲ್ಲಿ ಕೂತಿದ್ದಳು.