ಅಗ್ಗದ ಅಕ್ಷರದ ಕಾರ್ಡು

ಬಾಡಿಗೆಗೆ ಓಡಿಸುತ್ತಿದ್ದ ಜೀಪನ್ನು ಮಾರಿ ಮೂಡಿಗೆರೆಯಲ್ಲಿ ಕಾಫಿಪುಡಿ ಅಂಗಡಿ ಹಾಕಿದವನು ನಾನು. ಮೊದಲ ದಿನವೇ ಜನ ಸೇರದಿದ್ದರೆ ಅಂಗಡಿ ಮೇಲೇಳುವುದಿಲ್ಲ, ಜೀಪಂತೂ ವಾಪಸು ಬರುವುದಿಲ್ಲ. ಅದಕ್ಕೇ ಕರೆಯುವ ಕಾರ್ಡು ಮಾಡಿಸಲು ಪ್ರೆಸ್ಸಿಗೆ ಹೋದೆ. ಅಂಗಡಿಗೆ ನನ್ನ ಹೆಸರನ್ನೇ ಇಟ್ಟಿದ್ದೆ. ಅದು ಕಾರ್ಡಿನ ನಡುವೆ ದೊಡ್ಡದಾಗಿ ಬರಬೇಕು ಎಂದೆ.

ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು ಬಳ್ಳಿ ಸುತ್ತಿದ ದಪ್ಪ ಅಕ್ಷರ ತೋರಿಸಿದರು. ಎರಡು ಬಣ್ಣ, ರೇಟು ಜಾಸ್ತಿ. ಪಕ್ಕದಲ್ಲಿ ತೆಳ್ಳಗೆ, ನೆಟ್ಟಗೆ ನಿಂತ ಮರ್ಯಾದಸ್ಥ ಅಕ್ಷರವೊಂದಿತ್ತು.

"ಇದಕ್ಕೆ?"

"ಕಪ್ಪು ಇಂಕು ಒಂದೇ ಸಾಕು. ಆದ್ರೆ ಅದನ್ನ ಅಂಗಡಿಗೆ ಯಾರೂ..."

"ಯಾರೂ ತಗೊಳ್ಳಲ್ಲ ಅಂದ್ಮೇಲೆ ಇನ್ನೂ ಕಮ್ಮಿ ಮಾಡಿ ಮಾರಾಯ್ರೆ!"

ನಿಟ್ಟುಸಿರು ಬಿಟ್ಟು ಕಮ್ಮಿ ಮಾಡಿದರು. ಗೆದ್ದೆ ಎಂದುಕೊಂಡು ಕಾರ್ಡಿನ ಕಟ್ಟುಗಳನ್ನು ಕಳಸ, ವಸ್ತಾರೆಯ ಹಳೆಯ ಜೀಪು ಗೆಳೆಯರ ಕೈಗೆ, ಮನೆಮನೆಗೆ ಹಾಕಿ ಬರಲು ಕೊಟ್ಟೆ.

ಆಮೇಲೆ ತಿಳಿದದ್ದು ಇದು. ನಮ್ಮ ಕಡೆ ಹೋಂಸ್ಟೇ ಬೋರ್ಡುಗಳಲ್ಲಿ ಇಂಗ್ಲಿಷ್ ಅಕ್ಷರಕ್ಕೆ ದಿನಕ್ಕೊಂದು ವೇಷ. ಪಾಪ, ಕನ್ನಡಕ್ಕೆ ಇರುವುದು ಎರಡೇ ಜೊತೆ ಬಟ್ಟೆ: ಒಂದು ಮದುವೆಗೆ, ಒಂದು ತಿಥಿಗೆ. ಆ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ತೆಳ್ಳಗಿನದು ವೈಕುಂಠ ಸಮಾರಾಧನೆಗೆ ಮೀಸಲು. ಕಂಪ್ಯೂಟರ್ ಬಂದಾಗಲೂ ಅದೇ ಮುಖದ ಅಕ್ಷರವನ್ನು ಹುಡುಕಿ ಹಾಕಿಸಿದ್ದರಂತೆ. ಅಂಥ ಕಾರ್ಡು ನಾನೂ ಎಷ್ಟೋ ನೋಡಿದ್ದೇನೆ, ಓದಿದ್ದು ಮಾತ್ರ ಊಟದ ಹೊತ್ತನ್ನು. ಯಾರೂ ಅದನ್ನು ಪೂರ್ತಿ ಓದುವುದಿಲ್ಲ, ಒಳಗೂ ತರುವುದಿಲ್ಲ. ಹೆಸರು, ದಿನ, ಜಾಗ ನೋಡಿ ಗೇಟಿಗೆ ಸಿಕ್ಕಿಸಿಬಿಡುತ್ತಾರೆ.

ಆ ವಾರ ನನಗೆ ಒಂದೂ ಫೋನ್ ಬರಲಿಲ್ಲ. ಸತ್ತವನಿಗೆ ಯಾರು ಫೋನ್ ಮಾಡುತ್ತಾರೆ?

ಅಂಗಡಿ ಪೂಜೆಯ ದಿನ ಜೀಪುಗಳು ಸಾಲಾಗಿ ಬಂದವು. ನನಗೋ ಹಿಗ್ಗು. ಇಳಿದವರೆಲ್ಲ ಬಿಳಿ ಬಟ್ಟೆಯವರು, ಒಂದು ಮುಖದಲ್ಲೂ ನಗುವಿಲ್ಲ. ಎಲ್ಲರಿಗಿಂತ ಮುಂದೆ ಇದ್ದವರು ಕಳಸದ ಒಬ್ಬ ಹಿರಿಯ ಎಸ್ಟೇಟ್ ಮಾಲೀಕರು, ನನ್ನ ಹಳೆಯ ಗಿರಾಕಿ. ಬಾಗಿಲಲ್ಲಿ ರೇಷ್ಮೆ ಶಾಲು ಹೊದ್ದು ನಿಂತಿದ್ದ ನನ್ನನ್ನು ಕಂಡು ಗಕ್ಕನೆ ನಿಂತರು.

"ಅಲ್ಲ ಮಾರಾಯ, ನೀನು ಇದೀಯಾ?"

"ಇದೀನಿ ಸಾರ್. ಬನ್ನಿ, ಕಾಫಿ ಕುಡೀರಿ."

"ಮತ್ತೆ ಆ ಕಾರ್ಡು?"

"ಅಂಗಡಿ ಓಪನಿಂಗ್‌ದು."

"ಆ ಅಕ್ಷರದಲ್ಲಿ ಯಾರಾದ್ರೂ ಓಪನಿಂಗ್ ಮಾಡ್ತಾರೇನೋ! ದಾರಿಯುದ್ದ ನಿನ್ನ ಒಳ್ಳೇ ಗುಣ ನೆನಪು ಮಾಡ್ಕೊಂಡ್ ಬಂದ್ವಿ. ಚೌಕಾಸಿ ಬಿಟ್ರೆ ಒಂದೂ ಸಿಗ್ಲಿಲ್ಲ!"

ಒಳಗಿನಿಂದ ನನ್ನ ಹೆಂಡತಿ, "ನಂಗೂ ಸಿಕ್ಕಿಲ್ಲ ಸಾರ್," ಎಂದು ಲೋಟ ತಂದುಕೊಟ್ಟಳು. ಜನರ ನಗು ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು. ಓಪನಿಂಗ್ ಎಂದು ಗೊತ್ತಿದ್ದರೆ ಅರ್ಧ ಜನ ಬರುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಬಂದ ಮುಜುಗರಕ್ಕೆ ಒಬ್ಬೊಬ್ಬರೂ ಪುಡಿ ಕೊಂಡರು. ಆದರೂ ನನ್ನ ಸಲಹೆ ಕೇಳಿ: ಎಲ್ಲದಕ್ಕೂ ಚೌಕಾಸಿ ಮಾಡಿ, ಅಕ್ಷರಕ್ಕೆ ಮಾತ್ರ ಬೇಡ.

ಹೊರಡುವಾಗ ಹಿರಿಯರು ಮಾತಿಲ್ಲದೆ ಜೀಪು ಹತ್ತಿದರು. ಸಾವಿನ ಮನೆಯಲ್ಲಿ 'ಹೋಗಿ ಬರ್ತೀನಿ' ಅನ್ನಬಾರದಲ್ಲ, ಆ ಗುಂಗು ಇನ್ನೂ ಇಳಿದಿರಲಿಲ್ಲ. ಒಂದೇ ಸಲ ಬರುವ ಗಿರಾಕಿಯಿಂದ ಅಂಗಡಿ ನಡೆಯುತ್ತದೆಯೇ? ಶಾಲನ್ನು ಸೊಂಟಕ್ಕೆ ಬಿಗಿದು ಜೀಪಿಗೆ ಅಡ್ಡ ನಿಂತೆ.

"ಹೋಗಿ ಬರ್ತೀನಿ ಅನ್ನಿ ಸಾರ್! ಅನ್ನದೆ ಬಿಡಲ್ಲ!"

"ಬರ್ತೀನಿ ಮಾರಾಯ, ಬರ್ತೀನಿ! ಪುಡಿ ಮುಗೀಲಿ!"

ಹಿಂದಿನ ಜೀಪುಗಳಿಂದಲೂ ಅದೇ ಮಾತು ಹೇಳಿಸಿಕೊಂಡ ಮೇಲೆಯೇ ದಾರಿ ಬಿಟ್ಟೆ.